ನನ್ನ ಪಾಲಿನ ಕೆಲಸ ಯಾವುದು?

“ಆಪಾ, ನಮಾಝ್ ತಪ್ಪಿಸುವುದಿಲ್ಲ, ರಮಝಾನಿನ ಉಪವಾಸ ಬಿಟ್ಟಿಲ್ಲ, ಮಕ್ಕಳ ಮದುವೆಯನ್ನೂ ಮಾಡಿ ಮುಗಿಸಿದೆ. ಇನ್ನು ನಾನು ಯಾತಕ್ಕೆ ಇದ್ದೇನೆ ಹೇಳಿ?”

ಇಂಥ ಪ್ರಶ್ನೆ ಕೇಳಿದ ಸಹೋದರಿಯರು ನನಗೆ ನಂಜನಗೂಡಿನಲ್ಲೂ ಸಿಕ್ಕಿದ್ದಾರೆ, ತಿರುಮಕೂಡಲು ನರಸೀಪುರದಲ್ಲೂ ಸಿಕ್ಕಿದ್ದಾರೆ. ಕುರ್‌ಆನ್ ತರಗತಿ ನಡೆಯುವಾಗ ಯಾರೂ ಇದನ್ನು ಕೇಳುವುದಿಲ್ಲ. ಎಲ್ಲರೂ ಎದ್ದು ಬುರ್ಖಾ ಸರಿಪಡಿಸಿಕೊಂಡು ಹೊರಟ ಮೇಲೆ, ಚಪ್ಪಲಿ ಹುಡುಕುವ ನೆಪದಲ್ಲಿ ಹಿಂದೆ ಉಳಿದು, ತಗ್ಗಿದ ಧ್ವನಿಯಲ್ಲಿ ಕೇಳುತ್ತಾರೆ. ಕೇಳಿದ ಮೇಲೆ ತಾವೇ ನಾಚಿಕೊಂಡು, “ಅಸ್ತಗ್ಫಿರುಲ್ಲಾಹ್, ನಾಶುಕ್ರಿ ಮಾತಾಡಿಬಿಟ್ಟೆ” ಎನ್ನುತ್ತಾರೆ.

ಇವರು ಬಡತನದಲ್ಲಿ ಬೇಯುತ್ತಿರುವವರಲ್ಲ. ಪತಿಯಿಂದ ಹೊಡೆತ ತಿನ್ನುವವರೂ ಅಲ್ಲ. ವಯಸ್ಸು ನಲವತ್ತೈದು, ಐವತ್ತು. ಮಗಳನ್ನು ರಾಮನಗರಕ್ಕೋ ಕೊಳ್ಳೇಗಾಲಕ್ಕೋ ಕೊಟ್ಟಾಗಿದೆ. ಮಗ ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದಾನೆ, ರಾತ್ರಿ ಐದು ನಿಮಿಷ ಫೋನ್ ಮಾಡುತ್ತಾನೆ. ಇಪ್ಪತ್ತೈದು ವರ್ಷ ಸೇವೆ ಮಾಡಿದ ಅತ್ತೆ ತೀರಿಕೊಂಡಿದ್ದಾರೆ. ಹಿಂದೆ ಹತ್ತು ಜನರಿಗೆ ಅನ್ನ ಬೇಯಿಸುತ್ತಿದ್ದ ಪಾತ್ರೆ ಅಟ್ಟ ಸೇರಿದೆ. ಇಬ್ಬರಿಗೆ ಅಡುಗೆ ಮಾಡಲು ಎಷ್ಟು ಹೊತ್ತು ಬೇಕು? ಝುಹರ್ ಮುಗಿದು ಅಸರ್ ಬರುವವರೆಗಿನ ಆ ಮೂರು ಗಂಟೆ ಇದೆಯಲ್ಲ, ಅದೇ ಇವರ ಶತ್ರು. ಟಿವಿಯಲ್ಲಿ ಧಾರಾವಾಹಿ ಓಡುತ್ತಿರುತ್ತದೆ, ನೋಡುವವರ ಮನಸ್ಸು ಅಲ್ಲಿರುವುದಿಲ್ಲ.

ನಾವು ಧರ್ಮ ಕಲಿತವರು ಇಂಥವರಿಗೆ ಥಟ್ಟನೆ ಕೊಡುವ ಉತ್ತರ ಒಂದಿದೆ. ಅಲ್ಲಾಹನು ಮನುಷ್ಯರನ್ನೂ ಜಿನ್ನ್‌ಗಳನ್ನೂ ಸೃಷ್ಟಿಸಿದ್ದು ತನ್ನ ಇಬಾದತ್‌ಗಾಗಿ ಎಂದು ಪವಿತ್ರ ಕುರ್‌ಆನಿನ ಸೂರಃ ಅಝ್ಝಾರಿಯಾತ್‌ನಲ್ಲಿದೆ. ನಮ್ಮನ್ನು ವ್ಯರ್ಥವಾಗಿ ಸೃಷ್ಟಿಸಿಲ್ಲ ಎಂಬುದು ಸೂರಃ ಅಲ್‌ಮೂಮಿನೂನ್‌ನಲ್ಲಿದೆ. ಈ ಉತ್ತರ ನೂರಕ್ಕೆ ನೂರು ಸತ್ಯ. ಆದರೆ ಪ್ರಶ್ನೆ ಕೇಳಿದ ಸಹೋದರಿಗೆ ಅದು ಗೊತ್ತಿಲ್ಲದ ವಿಷಯವಲ್ಲ. ಐದು ಹೊತ್ತು ಸುಜೂದ್ ಮಾಡುವವಳಿಗೆ ತಾನು ಯಾರ ದಾಸಿ ಎಂಬುದು ಗೊತ್ತಿದೆ. ಆಕೆ ಕೇಳುತ್ತಿರುವುದು ಬೇರೆ. ಎಲ್ಲ ದಾಸಿಯರಿಗೂ ಒಂದೇ ಆದ ಗುರಿ ತಿಳಿಯಿತು, ಈ ಊರಿನಲ್ಲಿ, ಈ ವಯಸ್ಸಿನಲ್ಲಿ, ನನ್ನ ಈ ಎರಡು ಕೈಗಳಿಂದ ಆಗಬೇಕಾದ ಕೆಲಸ ಯಾವುದು ಎಂದು ಆಕೆ ಕೇಳುತ್ತಿದ್ದಾಳೆ. ಅದಕ್ಕೆ ಉತ್ತರ ಕೊಡದೆ ಆಯತ್ ಓದಿ ಕಳಿಸಿದರೆ ಆಕೆ ತಲೆಯಾಡಿಸಿ ಮನೆಗೆ ಹೋಗುತ್ತಾಳೆ, ಅಷ್ಟೇ.

ಆ ಪ್ರಶ್ನೆ ನಾಶುಕ್ರಿ ಅಲ್ಲ. ಪ್ರತಿಯೊಬ್ಬನಿಗೂ ಅವನು ಯಾವುದಕ್ಕಾಗಿ ಸೃಷ್ಟಿಸಲ್ಪಟ್ಟನೋ ಅದರ ದಾರಿ ಸುಗಮಗೊಳಿಸಲಾಗುತ್ತದೆ ಎಂಬ ಅರ್ಥದ ಪ್ರವಾದಿ ವಚನ ಸಹೀಹ್ ಬುಖಾರಿಯಲ್ಲಿದೆ. ಪ್ರವಾದಿವರ್ಯರು(ಸ) ತಮ್ಮ ಸಂಗಾತಿಗಳನ್ನು ನಡೆಸಿಕೊಂಡ ರೀತಿಯನ್ನು ನೋಡಿ. ಹಸ್ಸಾನ್ ಬಿನ್ ಸಾಬಿತ್(ರ) ಅವರಿಂದ ಕವಿತೆಯ ಸೇವೆ ಪಡೆದರು, ಖಾಲಿದ್ ಬಿನ್ ವಲೀದ್(ರ) ಅವರಿಂದ ಖಡ್ಗದ ಸೇವೆ. ಯುವಕ ಝೈದ್ ಬಿನ್ ಸಾಬಿತ್(ರ) ಅವರಲ್ಲಿ ಭಾಷೆಯ ಪ್ರತಿಭೆ ಕಂಡು ಯಹೂದಿಯರ ಲಿಪಿ ಕಲಿಯಲು ಹೇಳಿದರು. ಶಿಫಾ ಬಿಂತ್ ಅಬ್ದುಲ್ಲಾಹ್(ರ) ಎಂಬ ಮಹಿಳೆಗೆ ಬರೆಯಲು ಬರುತ್ತಿತ್ತು, ಆಕೆ ಉಮ್ಮುಲ್ ಮೂಮಿನೀನ್ ಹಫ್ಸಾ(ರ) ಅವರಿಗೆ ಬರಹ ಕಲಿಸಿದರು. ಎಲ್ಲರ ನಮಾಝ್ ಒಂದೇ ಆಗಿತ್ತು. ಎಲ್ಲರ ಕೆಲಸ ಒಂದೇ ಆಗಿರಲಿಲ್ಲ.

ಮದೀನದ ಮಸೀದಿಯನ್ನು ಗುಡಿಸುತ್ತಿದ್ದ ಕಪ್ಪು ವರ್ಣದ ಮಹಿಳೆಯ ಕತೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಬುಖಾರಿ, ಮುಸ್ಲಿಮ್ ಎರಡರಲ್ಲೂ ಅದು ಇದೆ. ಆಕೆ ತೀರಿಕೊಂಡಾಗ ಜನರು ಅದನ್ನು ಸಣ್ಣ ವಿಷಯವೆಂದು ತಿಳಿದು ಪ್ರವಾದಿವರ್ಯರಿಗೆ(ಸ) ತಿಳಿಸಲಿಲ್ಲ. ಕೆಲವು ದಿನಗಳ ಬಳಿಕ ಅವರೇ ವಿಚಾರಿಸಿದರು. ವಿಷಯ ತಿಳಿದಾಗ, ನನಗೇಕೆ ತಿಳಿಸಲಿಲ್ಲ ಎಂದು ಕೇಳಿ, ಆಕೆಯ ಗೋರಿಯ ಬಳಿ ಹೋಗಿ ಪ್ರಾರ್ಥಿಸಿದರು. ಈ ಕತೆಯನ್ನು ನಾವು ವಿನಯದ ಪಾಠವಾಗಿ ಹೇಳಿ ಮುಗಿಸಿಬಿಡುತ್ತೇವೆ. ನನಗೆ ಅದರಲ್ಲಿ ಇನ್ನೊಂದು ಮಾತು ಕಾಣುತ್ತದೆ. ಆ ಮಹಿಳೆಗೆ ಗುಡಿಸು ಎಂದು ಯಾರೂ ಆಜ್ಞೆ ಮಾಡಿದಂತೆ ಹದೀಸ್‌ನಲ್ಲಿಲ್ಲ. ಕಸ ಕಂಡಿತು, ಗುಡಿಸಿದಳು. ಆಕೆ ಇಲ್ಲವಾದಾಗ ಅಲ್ಲಾಹನ ರಸೂಲರಿಗೆ(ಸ) ಆಕೆಯ ಕೊರತೆ ಗೊತ್ತಾಯಿತು.

ಇಮಾಮ್ ಗಝ್ಝಾಲಿ ಅವರ ಮೂಕತನ

ಈ ಖಾಲಿತನ ಕಲಿಯದ ಹೆಂಗಸರಿಗೆ ಮಾತ್ರ ಬರುವ ಕಾಯಿಲೆ ಎಂದುಕೊಳ್ಳುವವರಿದ್ದಾರೆ. ಇಮಾಮ್ ಗಝ್ಝಾಲಿ(ರ) ಅವರು ಬಗ್ದಾದಿನ ನಿಝಾಮಿಯಾ ಮದ್ರಸದ ಪ್ರಧಾನ ಅಧ್ಯಾಪಕರಾಗಿದ್ದರು. ಆ ಕಾಲದಲ್ಲಿ ಅದಕ್ಕಿಂತ ದೊಡ್ಡ ಹುದ್ದೆ ವಿದ್ವಾಂಸನೊಬ್ಬನಿಗೆ ಇರಲಿಲ್ಲ. 1095ರಲ್ಲಿ ಒಂದು ದಿನ ಪಾಠ ಹೇಳಲು ಕುಳಿತರೆ ನಾಲಿಗೆ ಹೊರಳಲಿಲ್ಲ. ಅನ್ನ ಸೇರಲಿಲ್ಲ. ವೈದ್ಯರು, ಇದು ಮನಸ್ಸಿನಿಂದ ಬಂದದ್ದು, ನಮ್ಮ ಔಷಧಿಗೆ ಬಗ್ಗುವುದಿಲ್ಲ ಎಂದು ಕೈಚೆಲ್ಲಿದರು. ತಾನು ಕಲಿಸುತ್ತಿರುವುದು ಅಲ್ಲಾಹನಿಗಾಗಿಯೋ ಹೆಸರಿಗಾಗಿಯೋ ಎಂಬ ಪ್ರಶ್ನೆ ಅವರನ್ನು ಒಳಗಿನಿಂದ ತಿನ್ನುತ್ತಿತ್ತು. ಇದನ್ನೆಲ್ಲ ಅವರೇ ತಮ್ಮ ‘ಅಲ್ ಮುನ್ಕಿಝ್’ ಗ್ರಂಥದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಕೊನೆಗೆ ಹುದ್ದೆ ಬಿಟ್ಟರು. ಮಡದಿ ಮಕ್ಕಳಿಗೆ ಬೇಕಾದಷ್ಟು ಇಟ್ಟು ಉಳಿದದ್ದನ್ನು ದಾನ ಮಾಡಿ ದಮಾಸ್ಕಸ್‌ಗೆ, ಅಲ್ಲಿಂದ ಬೈತುಲ್ ಮುಕದ್ದಸ್‌ಗೆ, ಹಜ್ಜ್‌ಗೆ ಹೋದರು.

ಸುಮಾರು ಹನ್ನೊಂದು ವರ್ಷಗಳ ಬಳಿಕ, 1106ರಲ್ಲಿ, ನೀಶಾಪುರದಲ್ಲಿ ಮತ್ತೆ ಪಾಠ ಹೇಳಲು ಕುಳಿತರು. ಮೊದಲು ಮಾಡುತ್ತಿದ್ದ ಕೆಲಸವೇ. ಆದರೆ ನಿಯ್ಯತ್ ಬೇರೆಯಾಗಿತ್ತು. ಹಾಗಾಗಿ ಅವರ ದೃಷ್ಟಿಯಲ್ಲಿ ಅದು ಹಳೆಯ ಕೆಲಸಕ್ಕೆ ಹಿಂದಿರುಗಿದ್ದಲ್ಲ.

ಹೆಂಗಸರಾದ ನಮಗೆ ಬಗ್ದಾದ್ ಬಿಟ್ಟು ವರ್ಷಗಟ್ಟಲೆ ತಿರುಗಾಡುವ ಅನುಕೂಲವಿಲ್ಲ. ಒಂದು ಮಾತನ್ನಂತೂ ಹಿಡಿದುಕೊಳ್ಳಬಹುದು. ಬದುಕಿನ ಗುರಿ ಹುಡುಕುವುದೆಂದರೆ ಇರುವ ಕೆಲಸ ಬಿಟ್ಟು ಹೊಸದೊಂದನ್ನು ಹಿಡಿಯುವುದೇ ಆಗಬೇಕೆಂದಿಲ್ಲ. ಮೊಮ್ಮಗುವಿಗೆ ಎಣ್ಣೆ ಹಚ್ಚುವುದು, ಕಾಯಿಲೆಯ ಪತಿಗೆ ಗಂಜಿ ಕುಡಿಸುವುದು ನಿಯ್ಯತ್‌ನಿಂದ ಇಬಾದತ್ ಆಗುತ್ತದೆ. ಮನೆಯಲ್ಲಿ ಕೈತುಂಬ ಕೆಲಸ ಇರುವವರಿಗೆ ಇದು ಸಾಕು. ನಾನು ಈ ಲೇಖನ ಬರೆಯುತ್ತಿರುವುದು ಕೈ ಖಾಲಿಯಾದವರಿಗೆ. ಅವರಿಗೆ ಗಝ್ಝಾಲಿಯವರದ್ದೇ ಇನ್ನೊಂದು ಮಾತು ಬೇಕಾಗುತ್ತದೆ.

‘ಇಹ್ಯಾ’ ಗ್ರಂಥದ ಜ್ಞಾನದ ಅಧ್ಯಾಯದಲ್ಲಿ ಅವರು ತಮ್ಮ ಕಾಲದ ವಿದ್ಯಾವಂತರನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಳ್ಳುತ್ತಾರೆ. ಎಷ್ಟೋ ಊರುಗಳಲ್ಲಿ ಒಬ್ಬನೇ ಒಬ್ಬ ಮುಸ್ಲಿಮ್ ವೈದ್ಯನಿಲ್ಲ, ಆದರೂ ಎಲ್ಲರೂ ಫಿಕ್‌ಹ್‌ನ ವಾದವಿವಾದ ಕಲಿಯಲು ಮುಗಿಬೀಳುತ್ತಾರೆ. ವೈದ್ಯವಿದ್ಯೆ ಫರ್ಝ್ ಕಿಫಾಯಾ ಎಂಬುದು ಇವರಿಗೆ ನೆನಪಿಗೆ ಬರುವುದಿಲ್ಲ ಎಂಬುದು ಅವರ ಆಕ್ಷೇಪದ ತಿರುಳು. ಫರ್ಝ್ ಕಿಫಾಯಾ ಎಂದರೆ ಊರಿನಲ್ಲಿ ಕೆಲವರಾದರೂ ಮಾಡಲೇಬೇಕಾದ ಕೆಲಸ. ಯಾರಾದರೂ ಮಾಡಿದರೆ ಎಲ್ಲರ ಹೊಣೆ ಇಳಿಯುತ್ತದೆ, ಯಾರೂ ಮಾಡದಿದ್ದರೆ ಎಲ್ಲರೂ ಪಾಪಿಗಳು. ಮದ್ರಸದಲ್ಲಿ ನಾವು ಇದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತೇವೆ. ನನ್ನ ಅಭಿಪ್ರಾಯದಲ್ಲಿ “ನಾನು ಯಾತಕ್ಕೆ ಇದ್ದೇನೆ” ಎನ್ನುವ ಸಹೋದರಿಗೆ ಕೊಡಬೇಕಾದ ಉತ್ತರದ ಬೀಗದ ಕೈ ಇಲ್ಲಿದೆ. ನನ್ನಲ್ಲಿ ಏನು ಪ್ರತಿಭೆ ಇದೆ ಎಂದು ಕನ್ನಡಿಯ ಮುಂದೆ ನಿಂತು ಯೋಚಿಸಿದರೆ ಉತ್ತರ ಸಿಗುವುದು ಕಷ್ಟ. ನನ್ನ ಮೊಹಲ್ಲಾದಲ್ಲಿ ಯಾರೂ ಮಾಡದೆ ಬಿದ್ದಿರುವ ಕೆಲಸ ಯಾವುದು ಎಂದು ಕೇಳಿದರೆ ಉತ್ತರ ಬೇಗ ಸಿಗುತ್ತದೆ.

ಲಾಕ್‌ಡೌನ್‌ನಲ್ಲಿ ಒಂದು ಮಯ್ಯಿತ್

ನಂಜನಗೂಡಿನ ಒಬ್ಬ ಸಹೋದರಿಯ ವಿಷಯ ಹೇಳುತ್ತೇನೆ. ಹೆಸರು ಬರೆಯುವುದು ಬೇಡ ಎಂದಿದ್ದಾರೆ. 2020ರ ಮಾರ್ಚ್ ಕೊನೆಯಲ್ಲಿ ಅಲ್ಲಿನ ಔಷಧ ಕಾರ್ಖಾನೆಯ ನೌಕರರಲ್ಲಿ ಕೊರೋನಾ ಕಾಣಿಸಿಕೊಂಡು, ನಂಜನಗೂಡಿನ ಹೆಸರು ದಿನವೂ ಟಿವಿಯಲ್ಲಿ ಬರುತ್ತಿದ್ದ ಕಾಲ. ರಸ್ತೆಗಳಿಗೆ ಬೇಲಿ ಬಿದ್ದಿತ್ತು. ಆ ಏಪ್ರಿಲ್‌ನಲ್ಲಿ ಈಕೆಯ ಅತ್ತೆ ತೀರಿಕೊಂಡರು. ಕೊರೋನಾದಿಂದಲ್ಲ, ವಯಸ್ಸಾಗಿತ್ತು. ಮೊಹಲ್ಲಾದಲ್ಲಿ ಹೆಂಗಸರ ಮಯ್ಯಿತ್‌ಗೆ ಗುಸ್ಲ್ ಕೊಡುತ್ತಿದ್ದ ವೃದ್ಧೆ ತಾವೇ ಹಾಸಿಗೆ ಹಿಡಿದಿದ್ದರು. ಇನ್ನೊಬ್ಬರು ಮೈಸೂರಿನಿಂದ ಬರಬೇಕು. ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರ, ಆದರೆ ಆ ದಿನಗಳಲ್ಲಿ ಅದು ಕಡಲಾಚೆಯ ದೂರ.

ಬೆಳಿಗ್ಗೆ ಹೋದ ಜೀವ. ಮಧ್ಯಾಹ್ನವಾದರೂ ಮಯ್ಯಿತ್ ಹಾಗೆಯೇ ಇತ್ತು. ಗಂಡಸರು ಹೊರಗೆ ಫೋನ್ ಮಾಡುತ್ತ ನಿಂತಿದ್ದರು, ಒಳಗೆ ಹೆಂಗಸರು ಅಳುತ್ತ ಕುಳಿತಿದ್ದರು. ಕುಳಿತಿದ್ದವರಲ್ಲಿ ನಾಲ್ಕು ಜನ ಕುರ್‌ಆನ್ ಖತಮ್ ಮಾಡಿದವರಿದ್ದರು, ಡಿಗ್ರಿ ಓದಿದ ಇಬ್ಬರು ಹುಡುಗಿಯರಿದ್ದರು. ಮಯ್ಯಿತ್‌ಗೆ ಮೊದಲ ಚೊಂಬು ನೀರು ಯಾವ ಕಡೆಯಿಂದ ಹಾಕಬೇಕೆಂದು ಒಬ್ಬರಿಗೂ ಗೊತ್ತಿರಲಿಲ್ಲ. ಕೊನೆಗೆ ಮೌಲಾನಾ ಒಬ್ಬರ ಪತ್ನಿ ಫೋನಿನಲ್ಲಿ ಒಂದೊಂದೇ ಹೇಳುತ್ತ ಹೋದಂತೆ, ಈ ಸೊಸೆ ತನ್ನ ಮಗಳನ್ನು ಜೊತೆಗಿಟ್ಟುಕೊಂಡು, ನಡುಗುವ ಕೈಯಲ್ಲಿ ಗುಸ್ಲ್ ಕೊಟ್ಟರು.

ಗುಸ್ಲ್, ಕಫನ್, ಜನಾಝಾ ನಮಾಝ್, ದಫನ್, ಇವು ನಾಲ್ಕೂ ಫರ್ಝ್ ಕಿಫಾಯಾ ಎಂಬುದು ಎಲ್ಲರಿಗೂ ಗೊತ್ತು. ಹೆಣ್ಣಿನ ಮಯ್ಯಿತ್‌ಗೆ ಗುಸ್ಲ್ ಕೊಡುವುದು ಹೆಂಗಸರ ಹೊಣೆ. ನಮ್ಮ ಕಡೆ ಹೆಚ್ಚಿನವರು ಅನುಸರಿಸುವ ಹನಫಿ ಮಝ್‌ಹಬ್‌ನಲ್ಲಿ ಪತಿಯೂ ಪತ್ನಿಯ ಮಯ್ಯಿತ್‌ಗೆ ಗುಸ್ಲ್ ಕೊಡುವಂತಿಲ್ಲ. (ಕರಾವಳಿಯ ಶಾಫಿಈ ಸಹೋದರಿಯರ ಮಸ್‌ಅಲಾ ಬೇರೆ ಇದೆ, ಅವರು ತಮ್ಮ ಉಸ್ತಾದರಲ್ಲಿ ಕೇಳಿಕೊಳ್ಳಬೇಕು.) ಹಾಗಿರುವಾಗ ಇಡೀ ಮೊಹಲ್ಲಾ ಒಬ್ಬ ವೃದ್ಧೆಯ ಹೆಗಲ ಮೇಲೆ ಈ ಹೊಣೆ ಹಾಕಿ ನಿಶ್ಚಿಂತೆಯಿಂದ ಇದೆಯೆಂದರೆ ಏನು ಹೇಳೋಣ? ಮಸೀದಿಗೆ ಹೊಸ ಕಾರ್ಪೆಟ್ ಹಾಕಿಸಲು ಚಂದಾ ಎತ್ತುತ್ತೇವೆ. ಎಸಿ ಹಾಕಿಸುತ್ತೇವೆ. ಗುಸ್ಲ್ ಕಲಿಸುವ ಒಂದು ಮಧ್ಯಾಹ್ನದ ತರಗತಿಗೆ ಯಾವ ಖರ್ಚೂ ಇಲ್ಲ, ಆದರೆ ಅದು ಯಾರ ಪಟ್ಟಿಯಲ್ಲೂ ಇಲ್ಲ.

ಆ ಸಹೋದರಿ ಇದ್ದತ್ತಿನ ಹೆಂಗಸರಿಗೆ ಸಮಾಧಾನ ಹೇಳಿ ಬರುವುದು, ಮದುವೆ ಮನೆಯಲ್ಲಿ ಬಡಿಸುವುದು ಬಿಟ್ಟರೆ ಹೊರಗೆ ಹೋದವರಲ್ಲ. ಅತ್ತೆಯ ಗುಸ್ಲ್ ಆದ ಮೇಲೆ ಮೂರು ರಾತ್ರಿ ನಿದ್ದೆ ಬರಲಿಲ್ಲವಂತೆ. ಹೆದರಿಕೆಯಿಂದಲ್ಲ. “ನನಗೆ ಗೊತ್ತಿರಬೇಕಿತ್ತಲ್ಲ ಎಂಬ ಸಂಕಟ” ಎಂದರು. ಹಾಸಿಗೆ ಹಿಡಿದಿದ್ದ ಆ ವೃದ್ಧೆಯ ಬಳಿಗೇ ಹೋಗಿ ಕುಳಿತು ಎಲ್ಲ ಕಲಿತರು. ವೃದ್ಧೆಗೂ ಸಂತೋಷವಾಯಿತು, ಅಷ್ಟು ವರ್ಷಗಳಲ್ಲಿ ಕಲಿಸಿಕೊಡಿ ಎಂದು ಕೇಳಿದವರು ಯಾರೂ ಇರಲಿಲ್ಲ. ಆಮೇಲೆ ಕರೆ ಬಂದಲ್ಲಿಗೆ ಹೋಗಲು ಶುರುಮಾಡಿದರು. ಒಂದು ಚೀಲ ಸದಾ ಸಿದ್ಧ: ಕತ್ತರಿ, ಹತ್ತಿ, ಕೈಚೀಲಗಳು, ಅತ್ತರ್, ಕರ್ಪೂರ, ದಾರ. ದುಡ್ಡು ಮುಟ್ಟುವುದಿಲ್ಲ. ರಾತ್ರಿ ಎರಡು ಗಂಟೆಗೆ ಬಾಗಿಲು ಬಡಿದರೂ ಪತಿ ತಾವೇ ಸ್ಕೂಟರ್ ತೆಗೆದು ಬಿಟ್ಟು ಬರುತ್ತಾರೆ. ಮೊದಲು ಅವರೂ ಗೊಣಗಿದವರೇ.

ಈ ಕೆಲಸಕ್ಕೆ ನಮ್ಮ ಇತಿಹಾಸದಲ್ಲಿ ದೊಡ್ಡ ಗುರುವಿದ್ದಾರೆ. ಹಝ್ರತ್ ಉಮ್ಮು ಅತಿಯ್ಯಾ(ರ) ಅನ್ಸಾರಿ ಮಹಿಳೆ. ಪ್ರವಾದಿವರ್ಯರ(ಸ) ಜೊತೆ ಏಳು ಯುದ್ಧಗಳಿಗೆ ಹೋಗಿ ಡೇರೆಗಳಲ್ಲಿ ನಿಂತು ಅಡುಗೆ ಮಾಡಿದವರು, ಗಾಯಾಳುಗಳಿಗೆ ಔಷಧ ಹಚ್ಚಿದವರು, ರೋಗಿಗಳನ್ನು ನೋಡಿಕೊಂಡವರು. ಪ್ರವಾದಿವರ್ಯರ(ಸ) ಸುಪುತ್ರಿ ಝೈನಬ್(ರ) ತೀರಿಕೊಂಡಾಗ ಗುಸ್ಲ್ ಕೊಟ್ಟ ಮಹಿಳೆಯರಲ್ಲಿ ಇವರಿದ್ದರು. ಬೆಸ ಸಂಖ್ಯೆಯಲ್ಲಿ ತೊಳೆಯಬೇಕು, ಎಲಚಿ ಎಲೆಯ ನೀರು ಬಳಸಬೇಕು, ಕೊನೆಯ ಬಾರಿ ಕರ್ಪೂರ ಸೇರಿಸಬೇಕು, ಬಲಭಾಗದಿಂದ ಮತ್ತು ವುಝೂವಿನ ಅಂಗಗಳಿಂದ ಆರಂಭಿಸಬೇಕು ಎಂದು ಪ್ರವಾದಿವರ್ಯರು(ಸ) ತಿಳಿಸಿಕೊಟ್ಟದ್ದು ಇವರ ಮೂಲಕವೇ ನಮಗೆ ತಲುಪಿದೆ. ಮುಂದೆ ಅವರು ಬಸ್ರಾದಲ್ಲಿ ನೆಲೆಸಿದಾಗ ಮುಹಮ್ಮದ್ ಬಿನ್ ಸೀರೀನ್‌ರಂಥ ದೊಡ್ಡ ವಿದ್ವಾಂಸರು ಬಂದು ಮಯ್ಯಿತ್‌ನ ಗುಸ್ಲ್‌ನ ವಿಧಿಯನ್ನು ಇವರಿಂದ ಕಲಿತರು. ಅಡುಗೆ ಮಾಡಿದ, ಗಾಯ ತೊಳೆದ ಕೈಗಳೇ ಒಂದು ವಿದ್ಯೆಯ ಸನದ್ ಆದವು.

ಫಿಲೇಚರ್ ಬಿಟ್ಟ ಮೇಲೆ

ಎಲ್ಲರಿಗೂ ಮಯ್ಯಿತ್ ಮುಟ್ಟುವ ಧೈರ್ಯ ಬರುವುದಿಲ್ಲ. ಬರಲೇಬೇಕೆಂದೂ ಇಲ್ಲ. ತಿರುಮಕೂಡಲು ನರಸೀಪುರದ ಇನ್ನೊಬ್ಬರ ದಾರಿ ಬೇರೆ.

ಮೈಸೂರು ಸಿಲ್ಕ್ ಸೀರೆಯನ್ನು ನೇಯುವುದು ಮೈಸೂರಿನಲ್ಲಿ, 1912ರಲ್ಲಿ ಮಹಾರಾಜರ ಕಾಲದಲ್ಲಿ ಆರಂಭವಾದ ಕಾರ್ಖಾನೆಯಲ್ಲಿ. ಅದಕ್ಕೆ ಬೇಕಾದ ನೂಲನ್ನು ತೆಗೆಯುವುದು ಟಿ. ನರಸೀಪುರದ ಫಿಲೇಚರ್‌ನಲ್ಲಿ. ಈ ಸಹೋದರಿ ಅಲ್ಲಿ ಬಹಳ ವರ್ಷ ದುಡಿದವರು. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆಯ ತುದಿ ಹುಡುಕುವ ಕೆಲಸ. ಬೆರಳುಗಳ ತುದಿ ಇಂದಿಗೂ ನುಣುಪಾಗಿ, ಬೆಳ್ಳಗಾಗಿದೆ. ಕೆಲಸದಿಂದ ಬಿಡುಗಡೆಯಾದ ಮೇಲೆ ಆರು ತಿಂಗಳು ಆರಾಮ ಎನಿಸಿತಂತೆ. ಆಮೇಲೆ ಬೆಳಿಗ್ಗೆ ಎದ್ದರೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಂಗಳದಲ್ಲಿ ನಿಲ್ಲುತ್ತಿದ್ದರಂತೆ.

ಅವರಲ್ಲಿ ಇದ್ದದ್ದು ಒಂದೇ ಬಂಡವಾಳ. ಸರಕಾರಿ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಕನ್ನಡದಲ್ಲಿ ಓದಿದ್ದರು. ನಮ್ಮ ಅನೇಕ ಮನೆಗಳಲ್ಲಿ ಐವತ್ತು ದಾಟಿದ ಹೆಂಗಸರಿಗೆ ಉರ್ದು ಓದಲು ಬರುತ್ತದೆ, ಕುರ್‌ಆನ್ ಬರುತ್ತದೆ, ಕನ್ನಡ ಅಕ್ಷರ ಬರುವುದಿಲ್ಲ. ತಾಲೂಕು ಕಚೇರಿ, ಆಸ್ಪತ್ರೆ, ಬ್ಯಾಂಕು ಎಲ್ಲ ಕನ್ನಡದಲ್ಲಿ. 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಬಂದಾಗ ತಿಂಗಳಿಗೆ ಎರಡು ಸಾವಿರ ರೂಪಾಯಿ ಸಿಗುತ್ತದೆಂದು ಎಲ್ಲರೂ ಓಡಿದರು. ಅರ್ಜಿ ನಿಂತದ್ದು ಎಲ್ಲಿ ಗೊತ್ತೇ? ಹೆಸರಿನಲ್ಲಿ. ರೇಷನ್ ಕಾರ್ಡಿನಲ್ಲಿ ಜೈಬುನ್ನೀಸ, ಆಧಾರ್‌ನಲ್ಲಿ ಝೇಬುನ್ನಿಸಾ ಬೇಗಂ, ಬ್ಯಾಂಕಿನಲ್ಲಿ ಜೇಬುನ್ ಬಿ. ಒಬ್ಬಳೇ ಹೆಂಗಸು, ಮೂವರು ಆಗಿಬಿಟ್ಟಿದ್ದಳು. ಇದನ್ನು ಸರಿಪಡಿಸಲು ಒಬ್ಬರು ಪಕ್ಕದಲ್ಲಿ ಕುಳಿತು, ಕಾಗದಗಳನ್ನು ಹರಡಿಕೊಂಡು, ಅಕ್ಷರ ಅಕ್ಷರ ಹೋಲಿಸಿ ನೋಡಬೇಕು. ಮೊದಲು ನೆರೆಮನೆಯವರಿಗೆ ಮಾಡಿಕೊಟ್ಟರು. ಸುದ್ದಿ ಹರಡಿತು. ಆಮೇಲೆ ವಿಧವಾ ವೇತನ, ಮಕ್ಕಳ ಸ್ಕಾಲರ್‌ಶಿಪ್‌ನ ಅರ್ಜಿ. ಈಗ ವಾರಕ್ಕೆ ಎರಡು ದಿನ ತಾಲೂಕು ಆಸ್ಪತ್ರೆಗೂ ಹೋಗುತ್ತಾರೆ. ಚೀಟಿಯಲ್ಲಿ ಬರೆದದ್ದನ್ನು ಓದಿ, ಮಾತ್ರೆ ಬೆಳಿಗ್ಗೆಯದೋ ರಾತ್ರಿಯದೋ ಎಂದು ಹೇಳಿಕೊಡುತ್ತಾರೆ. ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಬರೆದುಕೊಟ್ಟರೆ ಜೊತೆಗೇ ಹೋಗುತ್ತಾರೆ. 2023ರ ಜೂನ್‌ನಿಂದ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ ಎಂಬುದು ಇಂಥವರಿಗೆ ದೊಡ್ಡ ಉಪಕಾರವಾಯಿತು.

ಅವರ ಬಳಿ ಬರುವವರಲ್ಲಿ ಮುಸ್ಲಿಮರು ಮಾತ್ರ ಇಲ್ಲ. ಫಿಲೇಚರ್‌ನಲ್ಲಿ ಜೊತೆ ದುಡಿದ ಪುಟ್ಟಮ್ಮಂದಿರು, ಸಿದ್ದಮ್ಮಂದಿರೂ ಕಾಗದ ಹಿಡಿದು ಬರುತ್ತಾರೆ. ನೆರೆಯವರ ಹಕ್ಕಿನ ಬಗ್ಗೆ ಎಷ್ಟು ಭಾಷಣ ಮಾಡಿದರೂ ಅಂಥ ಜಗಲಿ ಮಾಡುವ ಕೆಲಸವನ್ನು ನಮ್ಮ ಭಾಷಣ ಮಾಡಲಾರದು.

ಬರವಣಿಗೆಯಿಂದ ಈ ದಾರಿ ಕಂಡುಕೊಂಡವರನ್ನು ಇಡೀ ಜಗತ್ತು ಕಂಡಿತು. ಹಾಸನದ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಕಥಾಸಂಕಲನಕ್ಕೆ, ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದಲ್ಲಿ, 2025ರ ಮೇ 20ರಂದು ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಇದು ಮೊದಲು. ಪ್ರಶಸ್ತಿಯ ಸುದ್ದಿಯಲ್ಲಿ ಮುಚ್ಚಿಹೋದ ಒಂದು ಸಂಗತಿಯನ್ನು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಮದುವೆಯಾದ ಮೇಲೆ ಮನೆಗೆಲಸವೇ ಬದುಕಾಗಿ, ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ ಹೆರಿಗೆಯ ಬಳಿಕದ ಖಿನ್ನತೆಗೆ ಒಳಗಾದರು. ಬದುಕು ಬೇಡವೆನಿಸುವ ಹಂತಕ್ಕೂ ಹೋದರು. ಪತಿ ಹಸುಗೂಸನ್ನು ಅವರ ಕಾಲ ಬಳಿ ಮಲಗಿಸಿ ಬೇಡಿಕೊಂಡು ತಡೆದರು. ಅವರು ಬರವಣಿಗೆಯತ್ತ ಗಂಭೀರವಾಗಿ ತಿರುಗಿದ್ದು ಆ ವಯಸ್ಸಿನಲ್ಲೇ. ಅವರು ಬರೆದದ್ದನ್ನೆಲ್ಲ, ಹೇಳಿದ್ದನ್ನೆಲ್ಲ ನಾವು ಒಪ್ಪಬೇಕೆಂದಿಲ್ಲ. ನಾನೂ ಎಲ್ಲವನ್ನು ಒಪ್ಪುವುದಿಲ್ಲ. ಆದರೆ ನಮ್ಮ ಮನೆಗಳ ಎಷ್ಟು ಹೆಣ್ಣುಮಕ್ಕಳು ಬಾಣಂತನದಲ್ಲಿ ಗೋಡೆ ನೋಡುತ್ತ ಕುಳಿತಿರುತ್ತಾರೆ, ಅವರಿಗೆ “ನಝರ್ ಆಗಿದೆ” ಎಂದು ನೀರು ಊದಿಸಿ ಸುಮ್ಮನಾಗುತ್ತೇವೆ ಎಂಬುದನ್ನು ಒಪ್ಪದಿರಲು ಸಾಧ್ಯವಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಖಾಲಿತನ ಬೇರೆ, ಕಾಯಿಲೆ ಬೇರೆ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಸ್ನಾನಕ್ಕೂ ಏಳಲು ಮನಸ್ಸಿಲ್ಲ, ಸತ್ತರೆ ಸಾಕು ಎಂಬ ಮಾತು ಬಾಯಿಗೆ ಬರುತ್ತಿದೆ ಎಂದರೆ ಆಕೆಗೆ ಸಮಾಜಸೇವೆಯ ಉಪದೇಶ ಬೇಡ, ಡಾಕ್ಟರ್ ಬೇಕು. ಕೆ.ಆರ್. ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ‘ಟೆಲಿ ಮನಸ್’ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲಿ ಮಾತಾಡಬಹುದು, ಮನೆಯಿಂದ ಹೊರಗೆ ಹೋಗಬೇಕೆಂದೂ ಇಲ್ಲ. ದುಆ ಮಾಡುವುದಕ್ಕೂ ಔಷಧಿ ನುಂಗುವುದಕ್ಕೂ ಜಗಳವಿಲ್ಲ. ಔಷಧೋಪಚಾರ ಮಾಡಿಸಿಕೊಳ್ಳಿರಿ ಎಂದದ್ದು ಪ್ರವಾದಿವರ್ಯರೇ(ಸ).

ಹಾಗೆಂದು ಗುರಿಗೂ ಆರೋಗ್ಯಕ್ಕೂ ಸಂಬಂಧವೇ ಇಲ್ಲವೆಂದಲ್ಲ. ಜಪಾನಿನವರು ಬದುಕಲು ಕಾರಣವಾಗುವ ಸಂಗತಿಯನ್ನು ‘ಇಕಿಗಾಯ್’ ಎನ್ನುತ್ತಾರೆ. ಅಲ್ಲಿನ ಓಸಾಕಿ ಪ್ರದೇಶದಲ್ಲಿ ನಲವತ್ತರಿಂದ ಎಪ್ಪತ್ತೊಂಬತ್ತು ವಯಸ್ಸಿನ 43,391 ಜನರಿಗೆ, ನಿಮಗೆ ಇಕಿಗಾಯ್ ಇದೆಯೇ ಎಂದು ಕೇಳಿ, ಏಳು ವರ್ಷ ಅವರನ್ನು ಗಮನಿಸಿದರು. ಇಲ್ಲ ಎಂದವರಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತು ಎಂದು 2008ರಲ್ಲಿ ವರದಿ ಪ್ರಕಟಿಸಿದರು. ಗುರಿ ಇಲ್ಲದ್ದರಿಂದಲೇ ಸತ್ತರು ಎಂದು ಇದರಿಂದ ಹೇಳಲು ಬರುವುದಿಲ್ಲ, ಕಾಯಿಲೆಯಿಂದಲೇ ಕೆಲವರು ಗುರಿ ಕಳೆದುಕೊಂಡಿರಬಹುದು. ಆದರೂ ಮಧ್ಯಾಹ್ನದ ಮೂರು ಗಂಟೆಯನ್ನು ಹಗುರವಾಗಿ ನೋಡಬಾರದು ಎಂಬುದಕ್ಕೆ ಇಷ್ಟು ಸಾಕು.

ಮನೆಯವರು ಏನನ್ನುತ್ತಾರೆ ಎಂಬುದು ನಮ್ಮ ಸಹೋದರಿಯರ ದೊಡ್ಡ ಅಳುಕು. ಇದರಲ್ಲಿ ಅರ್ಧ ನ್ಯಾಯವಿದೆ. ಪತಿಗೆ ಜ್ವರ ಬಂದು ಮಲಗಿರುವಾಗ ಊರ ಉಸಾಬರಿಗೆ ಹೋಗುವುದು ಪುಣ್ಯವಲ್ಲ, ಪಲಾಯನ. ಉಳಿದ ಅರ್ಧ ಬರೀ ಅಭ್ಯಾಸ. ಮದುವೆ, ಅಖೀಕಾ, ಸೀರೆ ಅಂಗಡಿ ಎಂದರೆ ಗಂಡಸರು ಅನುಮತಿ ಕೊಡುತ್ತಾರೆ. ತಾಲೂಕು ಆಸ್ಪತ್ರೆ ಎಂದರೆ “ನಿನಗ್ಯಾಕೆ ಬೇಕಿತ್ತು” ಎನ್ನುತ್ತಾರೆ. ಜಗಳವಾಡಿ ಗೆದ್ದವರನ್ನು ನಾನು ಕಂಡದ್ದು ಕಡಿಮೆ. ಒಂದು ಸಲ ಜೊತೆಗೆ ಕರೆದುಕೊಂಡು ಹೋಗಿ ತೋರಿಸಿದವರು ಗೆದ್ದಿದ್ದಾರೆ. ಮನೆಯಿಂದ ಹೊರಡಲಾಗದವರಿಗೂ ಕೆಲಸವಿದೆ. ಉಮ್ಮುಲ್ ಮೂಮಿನೀನ್ ಝೈನಬ್ ಬಿಂತ್ ಜಹ್ಶ್(ರ) ಮನೆಯಲ್ಲೇ ಕುಳಿತು ಚರ್ಮ ಹದಮಾಡಿ, ಹೊಲಿದು, ಬಂದದ್ದನ್ನು ಬಡವರಿಗೆ ಕೊಡುತ್ತಿದ್ದರು. ಪವಿತ್ರ ಪತ್ನಿಯರಲ್ಲಿ ಉದ್ದ ಕೈಯವಳು ಮೊದಲು ನನ್ನನ್ನು ಸೇರುವಳು ಎಂದು ಪ್ರವಾದಿವರ್ಯರು(ಸ) ಹೇಳಿದ್ದ ಮಾತಿನ ಅರ್ಥ ಉಳಿದವರಿಗೆ ತಿಳಿದದ್ದು ಝೈನಬ್(ರ) ತೀರಿಕೊಂಡ ಮೇಲೆ. ಅವರು ಮೈಕಟ್ಟಿನಲ್ಲಿ ಗಿಡ್ಡವಾಗಿದ್ದರು.

ಪಕ್ಕದ ಮನೆಯ ಏಳನೇ ತರಗತಿಯ ಹುಡುಗಿಗೆ ಗಣಿತ ಬರುವುದಿಲ್ಲವೇ? ಬೀಡಿ ಕಟ್ಟುವ ತಾಯಿಯ ಮಗು ಮಧ್ಯಾಹ್ನ ಬೀದಿಯಲ್ಲಿ ತಿರುಗುತ್ತಿದೆಯೇ? ಹೊಸದಾಗಿ ಬಂದ ಸೊಸೆಗೆ ಊರಿನಲ್ಲಿ ಒಬ್ಬರ ಪರಿಚಯವೂ ಇಲ್ಲವೇ? ನಿಮ್ಮ ಕಣ್ಣಿಗೆ ಪದೇ ಪದೇ ಬೀಳುವ, ಬಿದ್ದಾಗಲೆಲ್ಲ ಎದೆಯಲ್ಲಿ ಚುಚ್ಚುವ ಒಂದು ಕೊರತೆ ಇದ್ದೇ ಇರುತ್ತದೆ. ಅಕ್ಕಪಕ್ಕದವರಿಗೆ ಅದು ಕಾಣುವುದೇ ಇಲ್ಲ. ನಿಮಗೆ ಕಾಣುತ್ತಿದೆಯೆಂದರೆ ಅದನ್ನು ನಿಮ್ಮ ಪಾಲಿನದೆಂದು ತಿಳಿಯಲು ನನ್ನ ಮಟ್ಟಿಗೆ ಅಡ್ಡಿಯಿಲ್ಲ. ಎರಡು ತಿಂಗಳು ಮಾಡಿ ನೋಡಿ. ಸರಿಹೊಂದದಿದ್ದರೆ ಬಿಟ್ಟು ಇನ್ನೊಂದನ್ನು ಹಿಡಿಯಬಹುದು, ಅದರಲ್ಲಿ ಅವಮಾನವೇನೂ ಇಲ್ಲ.

ನಂಜನಗೂಡಿನ ಆ ಸಹೋದರಿ ಇತ್ತೀಚೆಗೆ ಕಲಿಸತೊಡಗಿದ್ದಾರೆ. ಚಾಪೆಯ ಮೇಲೆ ಉದ್ದ ದಿಂಬೊಂದನ್ನು ಮಲಗಿಸಿ, ಸತ್ರ್ ಮುಚ್ಚಿದ ಬಟ್ಟೆಯ ಒಳಗಿನಿಂದಲೇ ತೊಳೆಯುವುದು ಹೇಗೆ, ಮಗ್ಗುಲು ತಿರುಗಿಸುವುದು ಹೇಗೆ, ಐದು ಕಫನ್ ಬಟ್ಟೆಗಳನ್ನು ಯಾವ ಕ್ರಮದಲ್ಲಿ ಹಾಸಬೇಕು ಎಂದು ತೋರಿಸುತ್ತಾರೆ. ಮಯ್ಯಿತ್‌ನ ಮೈಮೇಲೆ ಏನೇ ಕಂಡರೂ ಹೊರಗೆ ಬಂದು ಯಾರಿಗೂ ಹೇಳಬಾರದು ಎಂಬುದನ್ನು ಮೂರು ಸಲ ಹೇಳಿಸಿಕೊಳ್ಳುತ್ತಾರೆ. ಇದುವರೆಗೆ ನಾಲ್ವರು ಪೂರ್ತಿ ಕಲಿತಿದ್ದಾರೆ, ಎಲ್ಲರೂ ನಲವತ್ತು ದಾಟಿದವರು. ಕಳೆದ ಸಲ ಬಿ.ಎಸ್ಸಿ. ಓದುವ ಹತ್ತೊಂಬತ್ತರ ಹುಡುಗಿಯೊಬ್ಬಳು ಹಿಂದಿನ ಸಾಲಿನಲ್ಲಿ ಕುಳಿತು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಹೊರಡುವಾಗ ಅವಳ ತಾಯಿ, “ಮದುವೆಯಾಗದ ಹುಡುಗಿ, ಇದೆಲ್ಲ ಕಲಿತಿದ್ದಾಳೆ ಅಂದರೆ ಸಂಬಂಧ ಬರುತ್ತದೆಯೇ ಆಪಾ?” ಎಂದು ಕೇಳಿದರು. ಶರೀಅತ್‌ನಲ್ಲಿ ಇದಕ್ಕೆ ಯಾವ ಅಡ್ಡಿಯೂ ಇಲ್ಲ ಎಂದು ನಾನು ಹೇಳಿದೆ. ಅದು ಅವರಿಗೂ ಗೊತ್ತು. ಮುಂದಿನ ತರಗತಿ ಬರುವ ತಿಂಗಳ ಮೊದಲ ಭಾನುವಾರ, ಝುಹರ್ ನಮಾಝಿನ ಬಳಿಕ. ಹುಡುಗಿ ನೋಟ್‌ಬುಕ್ಕನ್ನು ಅಲ್ಲೇ ಬಿಟ್ಟು ಹೋಗಿದ್ದಾಳೆ, ಮರೆತೋ ಬೇಕೆಂದೋ ಗೊತ್ತಿಲ್ಲ.